ಬುಫನ್ 45ರವರೆಗೆ ಗೋಲ್ ಕಾದದ್ದು ಹೇಗೆ? ಆಟ ಬಿಡ್ತೀನಿ ಅನ್ನೋ ಹುಡುಗನಿಗೆ ಏನು ಹೇಳೋಣ?

ರತ್ನಗಿರಿ ಬೋರೆ (ಚಿಕ್ಕಮಗಳೂರು)

ಎಲ್ಲರಿಗೂ ನಮಸ್ಕಾರ. ಅಕ್ಕನ ಮಗ ಒಂಬತ್ತನೇ ಕ್ಲಾಸು. ಎತ್ತರ ಇದ್ದಾನೆ, ಕೈ ಉದ್ದ, ಭಯ ಕಮ್ಮಿ. ಅದಕ್ಕೇ ಶಾಲೆ ಫುಟ್‌ಬಾಲ್ ಟೀಮಿನಲ್ಲಿ ಗೋಲ್‌ಕೀಪರ್ ಮಾಡಿದರು. ಹೋದ ತಿಂಗಳು ಒಂದು ಮ್ಯಾಚಿನಲ್ಲಿ ಇನ್ನೇನು ಮುಗೀತು ಅನ್ನುವಾಗ ಚೆಂಡು ಕೈಯಿಂದ ಜಾರಿ ಗೋಲಾಯಿತು. ಟೀಮ್ ಸೋತಿತು. ಆವತ್ತಿನಿಂದ ಮೈದಾನದ ಕಡೆ ತಲೆ ಹಾಕಿಲ್ಲ. ಮನೆಯಲ್ಲಿ ಬೇರೆ, "ಓಡಕ್ಕೆ ಬರದವರನ್ನು ತಾನೇ ಗೋಲಿಗೆ ನಿಲ್ಲಿಸೋದು, ಬಿಟ್ಟರೆ ಒಳ್ಳೇದೇ ಆಯಿತು, ಮುಂದಿನ ವರ್ಷ ಎಸ್ಸೆಸ್ಸೆಲ್ಸಿ" ಅಂತಾರೆ. ನನಗೆ ಈ ಮಾತು ಕೇಳಿ ತುಂಬಾ ಬೇಜಾರಾಯಿತು.

2006ರ ವಿಶ್ವಕಪ್ ನೋಡಿದಾಗಿನಿಂದ ನಾನು ಇಟಲಿಯ ಗೋಲ್‌ಕೀಪರ್ ಬುಫನ್ ಅಭಿಮಾನಿ. 17ಕ್ಕೆ ಶುರು ಮಾಡಿ 45ಕ್ಕೆ ನಿಲ್ಲಿಸಿದ ಮನುಷ್ಯ. ಅವರ ಕಥೆ ಹೇಳಿ ಇವನನ್ನು ವಾಪಸ್ ಕರೆದುಕೊಂಡು ಹೋಗೋಣ ಅಂತಿದ್ದೇನೆ. ಆದರೆ ಬರೀ ಕಪ್ಪು, ದಾಖಲೆ ಹೇಳಿದರೆ ಈ ವಯಸ್ಸಿನ ಹುಡುಗನಿಗೆ ಏನು ನಾಟುತ್ತೆ? ಬುಫನ್ ಬದುಕಿನಲ್ಲಿ ಇವನಿಗೆ ಹೇಳಬೇಕಾದ್ದು ಯಾವುದು? ಬೇರೆ ಕೀಪರ್‌ಗಳ ಕಥೆ ಇದ್ದರೂ ಹೇಳಿ. ಗೋಲಿಗೆ ನಿಂತು ಆಡಿದವರು ಯಾರಾದರೂ ಇದ್ದರೆ ಇನ್ನೂ ಒಳ್ಳೇದು.

ಹಾಸನದ ಹುಡುಗ

ಓಡಕ್ಕೆ ಬರದವರನ್ನು ಗೋಲಿಗೆ ನಿಲ್ಲಿಸೋದು ಬೀದಿ ಆಟದಲ್ಲಿ ಅಣ್ಣ. ಟೀಮಿನಲ್ಲಿ ಹಾಗೆ ಮಾಡಿದರೆ ಮೊದಲ ಹತ್ತು ನಿಮಿಷದಲ್ಲೇ ಗೊತ್ತಾಗುತ್ತೆ.

ಮಲ್ನಾಡ್ ಮಳೆ

ಶುರುವಿನಿಂದಲೇ ಹೇಳಿ ಮಾರಾಯ್ರೇ. ಬುಫನ್ ಹುಟ್ಟಿದ್ದು 1978ರ ಜನವರಿ 28ರಂದು, ಇಟಲಿಯ ಕರಾರಾದಲ್ಲಿ. ಅಮೃತಶಿಲೆಗೆ ಹೆಸರಾದ ಊರು. ಮನೆಯಲ್ಲಿ ಎಲ್ಲರೂ ಆಟಗಾರರು. ಅಮ್ಮ ಡಿಸ್ಕಸ್ ಎಸೆಯುತ್ತಿದ್ದರು, ಅಪ್ಪ ವೇಟ್‌ಲಿಫ್ಟಿಂಗ್, ಅಕ್ಕಂದಿರು ಇಬ್ಬರೂ ವಾಲಿಬಾಲ್. ಬುಫನ್ ಚಿಕ್ಕವನಿದ್ದಾಗ ಆಡುತ್ತಿದ್ದದ್ದು ಮಿಡ್‌ಫೀಲ್ಡಿನಲ್ಲಿ. ಅಂದರೆ ಎಲ್ಲರಿಗಿಂತ ಜಾಸ್ತಿ ಓಡೋ ಜಾಗ!

1990ರ ವಿಶ್ವಕಪ್ ಇಟಲಿಯಲ್ಲೇ ನಡೆಯಿತಲ್ಲ, ಆಗ ಕ್ಯಾಮರೂನ್ ತಂಡದ ಕೀಪರ್ ಥಾಮಸ್ ಎನ್‌ಕೊನೊ ಆಟ ನೋಡಿ ಹುಡುಗನಿಗೆ ಹುಚ್ಚು ಹಿಡಿಯಿತು. ಹನ್ನೆರಡು ವರ್ಷದವನು ಮಿಡ್‌ಫೀಲ್ಡ್ ಬಿಟ್ಟು ಗೋಲಿಗೆ ಬಂದ. ಎಷ್ಟು ಹಚ್ಚಿಕೊಂಡಿದ್ದ ಅಂದರೆ ಮುಂದೆ ತನ್ನ ದೊಡ್ಡ ಮಗನಿಗೆ ಲೂಯಿ ಥಾಮಸ್ ಅಂತ ಆ ಕೀಪರ್ ಹೆಸರನ್ನೇ ಸೇರಿಸಿ ಇಟ್ಟ.

ನಿಮ್ಮ ಮನೆಯವರಿಗೆ ಇದನ್ನೇ ಹೇಳಿ. ಓಡಕ್ಕೆ ಬರದೆ ಗೋಲಿಗೆ ಹೋದವನಲ್ಲ, ಚೆನ್ನಾಗಿ ಓಡುತ್ತಿದ್ದವನೇ ಬೇಕು ಅಂತ ಹೋಗಿ ನಿಂತದ್ದು.

ಕಪ್ಪುಬಿಳುಪು ಪಟ್ಟೆ

ಅದಕ್ಕೆ ಇನ್ನೊಂದು ಸೇರಿಸಿ. 1995ರ ನವೆಂಬರ್ 19, ಪಾರ್ಮಾ ಕ್ಲಬ್ ಪರ ಮೊದಲ ಸೀರಿ ಎ (ಇಟಲಿಯ ಮೊದಲ ದರ್ಜೆ ಲೀಗ್) ಪಂದ್ಯ. ಎದುರಿಗೆ ಮಿಲಾನ್. ಆ ಕಡೆ ಜಾರ್ಜ್ ವೇಯಾ, ರೊಬರ್ಟೊ ಬ್ಯಾಜಿಯೊ. ಗೋಲಿನಲ್ಲಿ 17 ವರ್ಷದ ಹುಡುಗ. ಪಂದ್ಯ 0-0! ಆ ವರ್ಷದ ಬ್ಯಾಲನ್ ಡಿ'ಓರ್ (ವರ್ಷದ ಅತ್ಯುತ್ತಮ ಆಟಗಾರ ಪ್ರಶಸ್ತಿ) ವೇಯಾಗೆ ಸಿಕ್ಕಿತು, ಅಂಥವನ ಎದುರು ಒಂದೂ ಬಿಡಲಿಲ್ಲ.

ಪಾರ್ಮಾದಲ್ಲಿ 1999ರಲ್ಲಿ ಯುಇಎಫ್‌ಎ ಕಪ್ ಗೆದ್ದ. 2001ರಲ್ಲಿ ಯುವೆಂಟಸ್‌ಗೆ ಬಂದ. 5 ಕೋಟಿ ಯೂರೋಗೂ ಜಾಸ್ತಿ ಕೊಟ್ಟು ಕೊಂಡರು. ಒಬ್ಬ ಕೀಪರ್‌ಗೆ ಅಷ್ಟು ದುಡ್ಡು ಅಂದರೆ ಆಗ ಯಾರೂ ನಂಬುತ್ತಿರಲಿಲ್ಲ. 2018ರಲ್ಲಿ ಲಿವರ್‌ಪೂಲ್ ಅಲಿಸನ್‌ನನ್ನು ಕೊಳ್ಳುವವರೆಗೂ ಅದೇ ದಾಖಲೆ. 2006ರ ಫೈನಲ್‌ನಲ್ಲಂತೂ ಪೆನಾಲ್ಟಿ ಹಿಡಿದು ವಿಶ್ವಕಪ್ಪನ್ನೇ ತಂದುಕೊಟ್ಟ. ಇದಕ್ಕಿಂತ ಇನ್ನೇನು ಬೇಕು ಹುಡುಗನಿಗೆ?

ಹನ್ನೆರಡು ಗಜ

ಗುರು, ಒಂದು ನಿಮಿಷ. 2006ರ ಫೈನಲ್ ಶೂಟೌಟ್‌ನಲ್ಲಿ (ಪಂದ್ಯ ಸಮ ಆದಾಗ ಸರದಿ ಮೇಲೆ ಹೊಡೆಯೋ ಪೆನಾಲ್ಟಿಗಳು) ಬುಫನ್ ಒಂದೂ ಪೆನಾಲ್ಟಿ ಹಿಡಿಯಲಿಲ್ಲ. ಫ್ರಾನ್ಸಿನ ಟ್ರೆಝೆಗೆ ಹೊಡೆದದ್ದು ಮೇಲಿನ ಬಾರ್‌ಗೆ ಬಡಿದು ಹೊರಗೆ ಬಂತು. ಇಟಲಿ ಐದಕ್ಕೆ ಐದೂ ಹಾಕಿತು. 5-3. ಅಷ್ಟೇ.

ಈಗ 2003ಕ್ಕೆ ಬನ್ನಿ. ಮ್ಯಾಂಚೆಸ್ಟರ್‌ನಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್, ಯುವೆಂಟಸ್ ಮತ್ತು ಮಿಲಾನ್. 0-0, ಶೂಟೌಟ್. ಅಲ್ಲಿ ಬುಫನ್ ಎರಡು ಪೆನಾಲ್ಟಿ ತಡೆದ. ಸೀಡಾರ್ಫ್‌ದು ಒಂದು, ಕಲಾಡ್ಜೆದು ಒಂದು. ಆದರೂ ಸೋತ! ಆ ಕಡೆ ಡಿಡಾ ಮೂರು ತಡೆದಿದ್ದ.

ಎರಡು ತಡೆದ ದಿನ ಸೋಲು, ಒಂದೂ ತಡೆಯದ ದಿನ ವಿಶ್ವಕಪ್. ಹುಡುಗನಿಗೆ ಹೇಳಬೇಕಾದ್ದು ಇದು ಅಂತ ನನ್ನ ಅಭಿಪ್ರಾಯ. ಕೀಪರ್ ಆದವನು ಸ್ಕೋರ್ ನೋಡಿ ತನ್ನ ಆಟ ಅಳೆಯೋಕೆ ಹೋದರೆ ಒಂದು ಸೀಸನ್ನೂ ಬಾಳಲ್ಲ.

ಬಿಸ್ಲೆ ಘಾಟ್

+1. ಈ ಲೆಕ್ಕ ನಾನು ಎಲ್ಲೂ ನೋಡಿರಲಿಲ್ಲ. ಸೂಪರ್ ಗುರು.

ಕಪ್ಪುಬಿಳುಪು ಪಟ್ಟೆ

ಶೂಟೌಟ್ ಬಿಡಿ, ಎಕ್ಸ್‌ಟ್ರಾ ಟೈಮಿನಲ್ಲಿ ಝಿದಾನ್ ಹೆಡ್ಡರ್? ಬಲಗಡೆಯಿಂದ ಕ್ರಾಸ್ ಬಂತು, ಝಿದಾನ್ ಒಬ್ಬನೇ ಎದ್ದು ತಲೆ ಕೊಟ್ಟ. ಚೆಂಡು ನೇರ ಬಾರ್ ಕೆಳಗೆ ಹೋಗುತ್ತಿತ್ತು. ಬುಫನ್ ಎಗರಿ ಒಂದೇ ಕೈಯಲ್ಲಿ ಬಾರ್ ಮೇಲಿಂದ ಹೊರಗೆ ತಳ್ಳಿದ. ಅದು ಗೋಲಾಗಿದ್ದರೆ ಶೂಟೌಟೇ ಇರುತ್ತಿರಲಿಲ್ಲ. ಇಡೀ ಟೂರ್ನಿಯಲ್ಲಿ ಬಿಟ್ಟದ್ದು ಬರೀ ಎರಡು ಗೋಲು. ಒಂದು ಅಮೆರಿಕ ವಿರುದ್ಧ ತಮ್ಮದೇ ಝಕಾರ್ಡೊ ಹಾಕಿದ ಓನ್ ಗೋಲ್, ಇನ್ನೊಂದು ಫೈನಲ್‌ನಲ್ಲಿ ಝಿದಾನ್ ಪೆನಾಲ್ಟಿ. ಆಟ ನಡೆಯುವಾಗ ಎದುರಾಳಿ ಕಾಲಿನಿಂದ ಒಂದೂ ಇಲ್ಲ!

ಬೇಲೂರು ಶಿಲೆ

ಎಲ್ಲಾ ಸರಿ. ಆದರೆ ಚಾಂಪಿಯನ್ಸ್ ಲೀಗ್ ಗೆಲ್ಲದವನನ್ನು ಅತಿ ದೊಡ್ಡ ಕೀಪರ್ ಅಂತ ನಾನು ಒಪ್ಪಲ್ಲ. 2003, 2015, 2017, ಮೂರು ಫೈನಲ್, ಮೂರೂ ಸೋಲು. ಸ್ಪೇನಿನ ಕಸಿಯಾಸ್ ಗೆದ್ದ, ಜರ್ಮನಿಯ ನೊಯರ್ ಗೆದ್ದ. ದೊಡ್ಡ ದಿನ ಗೆಲ್ಲಬೇಕು ಸ್ವಾಮಿ.

ಹನ್ನೆರಡು ಗಜ

ವಿಶ್ವಕಪ್ ಫೈನಲ್ ದೊಡ್ಡ ದಿನ ಅಲ್ವಾ?

ಬೇಲೂರು ಶಿಲೆ

ಒಂದೇ ಒಂದು. ಮತ್ತೆ ಆ ಫೈನಲ್‌ನಲ್ಲಿ ಪೆನಾಲ್ಟಿ ಹಿಡಿಯಲಿಲ್ಲ ಅಂತ ನೀವೇ ಹೇಳಿದ್ದು.

ಲೆಫ್ಟ್ ಬ್ಯಾಕ್

ಇದೇನು ವಾದ? 2017ರಲ್ಲಿ ರಿಯಲ್ ಮ್ಯಾಡ್ರಿಡ್ ನಾಲ್ಕು ಹೊಡೆಯಿತು. ಕ್ಯಾಸಿಮಿರೊ ಹೊಡೆದದ್ದು ಯುವೆಂಟಸ್‌ನ ಖೆದೀರಾ ಕಾಲಿಗೆ ತಗುಲಿ ದಿಕ್ಕು ಬದಲಾಯಿಸಿತು. ಅಲ್ಲಿ ಕೀಪರ್ ಏನು ಮಾಡಬೇಕಿತ್ತು? ನಾನು ಡಿಫೆನ್ಸಿನಲ್ಲಿ ಆಡಿದವನು. ನಮ್ಮಿಂದಾಗಿ ಆದ ಗೋಲು ಎಷ್ಟಿರುತ್ತೆ ಅಂತ ನಮಗೇ ಗೊತ್ತು. ಪೇಪರಿನಲ್ಲಿ ಮಾತ್ರ ಕೀಪರ್ ಹೆಸರು.

ಹಳೇ ಕೀಪರ್ (ಮೂಡಿಗೆರೆ ಕಡೆ)

ಈ ಚರ್ಚೆ ಈಗ ನೋಡಿದೆ. ನಾನು ಎಸ್ಟೇಟ್ ಟೀಮುಗಳಿಗೆ, ಆಮೇಲೆ ಸೆವೆನ್ಸ್ (ಏಳೇಳು ಜನ ಆಡೋ) ಟೂರ್ನಮೆಂಟುಗಳಲ್ಲಿ ವರ್ಷಾನುಗಟ್ಟಲೆ ಗೋಲಿಗೆ ನಿಂತವನು. ಈಗ ವಯಸ್ಸಾಯಿತು, ಮೊಣಕಾಲು ಕೇಳಲ್ಲ. ಹುಡುಗರಿಗೆ ಹೇಳಿಕೊಡುತ್ತೇನೆ.

ರತ್ನಗಿರಿಯವರೇ, ಹುಡುಗನ ಕೈಯಿಂದ ಚೆಂಡು ಜಾರಿತು ಅಂದಿರಿ. ಆವತ್ತು ಮಳೆ ಇತ್ತಾ? ಮಳೆ ಇದ್ದರೆ ಕೇಳಿ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚೆಂಡು ಒಣಗಿರೋದೇ ಇಲ್ಲ. ಒದ್ದೆ ಚೆಂಡು ಜೋರಾಗಿ ಬಂದರೆ ಹಿಡಿಯೋಕೆ ಹೋಗಬಾರದು. ಅಂಗೈಯಿಂದ ಪಕ್ಕಕ್ಕೆ ತಳ್ಳಬೇಕು, ಕಂಬದ ಆಚೆ ಕಡೆಗೆ. ಮುಂದಕ್ಕೆ ತಳ್ಳಿದರೆ ಎದುರಿಗಿರೋ ಫಾರ್ವರ್ಡ್ ಕಾಲಿಗೇ ಕೊಟ್ಟ ಹಾಗಾಯಿತು. ನಿಧಾನಕ್ಕೆ ಬರೋ ಚೆಂಡಾದರೆ ಒಂದು ಮಂಡಿ ನೆಲಕ್ಕೆ ಹತ್ತಿರ ತಂದು, ಎರಡು ಕಾಲಿನ ನಡುವೆ ಸಂದಿ ಮುಚ್ಚಿ, ಮೈ ಪೂರ್ತಿ ಚೆಂಡಿನ ಹಿಂದೆ ಇಟ್ಟು, ಎದೆಗೆ ಅವಚಿಕೊಳ್ಳಬೇಕು. ಕೈ ತಪ್ಪಿದರೂ ಮೈ ತಡೆಯುತ್ತೆ.

ಎದೆ ಎತ್ತರಕ್ಕೆ ಬಂದರೆ ಎರಡೂ ಹೆಬ್ಬೆರಳು ಹತ್ತಿರ, ಉಳಿದ ಬೆರಳು ಅಗಲ. ಹೆಬ್ಬೆರಳ ನಡುವೆ ಸಂದಿ ಜಾಸ್ತಿ ಆಯಿತೋ, ಒದ್ದೆ ಚೆಂಡು ಅಲ್ಲೇ ನುಸುಳಿ ಹೋಗುತ್ತೆ. ಹುಡುಗರಲ್ಲಿ ಹತ್ತಕ್ಕೆ ಎಂಟು ಜನರ ತೊಂದರೆ ಇದೇ. ಇದು ಹೇಡಿತನ ಅಲ್ಲ, ಅಜಾಗರೂಕತೆಯೂ ಅಲ್ಲ. ಯಾರೂ ಹೇಳಿಕೊಟ್ಟಿಲ್ಲ ಅಷ್ಟೇ.

ಬೀಳೋದನ್ನೂ ಕಲಿಸಬೇಕು. ಕಾಫಿ ಮೂಟೆ ಎತ್ತಿ ಹಾಕಿದ ಹಾಗೆ ಧಡ್ ಅಂತ ಬಿದ್ದರೆ ಮೊಣಕೈ, ಭುಜ ಹೋಗುತ್ತೆ. ಮೊದಲು ಮೀನಖಂಡದ ಪಕ್ಕ, ಆಮೇಲೆ ತೊಡೆ, ಸೊಂಟ, ಕೊನೆಗೆ ಭುಜ, ಒಂದರ ಹಿಂದೆ ಒಂದು ನೆಲ ಮುಟ್ಟಬೇಕು. ಕೂತು ಬೀಳೋದು, ಮಂಡಿಯೂರಿ ಬೀಳೋದು, ನಿಂತು ಬೀಳೋದು, ಈ ಕ್ರಮದಲ್ಲಿ ಮರಳಿನ ಮೇಲೋ ಮೆತ್ತಗಿನ ಹುಲ್ಲಿನ ಮೇಲೋ ಮಾಡಿಸಿ.

ಬುಫನ್ ಕಥೆ ಖಂಡಿತ ಹೇಳಿ. ಆದರೆ ಅದಕ್ಕೆ ಮೊದಲು ಆ ಜಾರಿದ ಚೆಂಡಿನ ಬಗ್ಗೆ ಮಾತಾಡಿ. ಅವನ ತಲೆಯಲ್ಲಿ ರಾತ್ರಿ ಹಗಲು ಅದೇ ಓಡುತ್ತಿರುತ್ತೆ.

ರತ್ನಗಿರಿ ಬೋರೆ (ಚಿಕ್ಕಮಗಳೂರು)

ಸರ್, ಮಳೆ ಇತ್ತು. ಜೋರು ಮಳೆ ಅಲ್ಲ, ಬೆಳಗಿನಿಂದ ಜಿಟಿಜಿಟಿ. ಗ್ಲೌಸ್ ಕೂಡ ಹಳೇದು, ಅಂಗೈ ಕಡೆ ನುಣುಪಾಗಿ ಹೋಗಿದೆ. ನೀವು ಹೇಳಿದ ಹೆಬ್ಬೆರಳಿನ ವಿಷಯ ಇವತ್ತೇ ತೋರಿಸಿ ಕೇಳುತ್ತೇನೆ. ತುಂಬಾ ಉಪಕಾರ ಸರ್.

ಸಕಲೇಶಪುರ ಅಕ್ಕ

ನಾನು ಫುಟ್‌ಬಾಲ್ ಅಷ್ಟಾಗಿ ನೋಡಿದವಳಲ್ಲ, ಅಮ್ಮನಾಗಿ ಹೇಳುತ್ತೇನೆ. ಹುಡುಗ ಆಟ ಬಿಟ್ಟ ಅನ್ನೋದಕ್ಕಿಂತ ಮಾತು ಬಿಟ್ಟಿದ್ದಾನಾ ನೋಡಿ. ಊಟ, ನಿದ್ದೆ ಸರಿ ಇದೆಯಾ? ಸ್ನೇಹಿತರು ಮನೆಗೆ ಬರುತ್ತಿದ್ದಾರಾ? ಈ ವಯಸ್ಸಿನ ಗಂಡುಮಕ್ಕಳು ಸೋತದ್ದನ್ನು ಯಾರ ಹತ್ತಿರವೂ ಹೇಳಿಕೊಳ್ಳಲ್ಲ. ನನ್ನ ಮಗನೂ ಹಾಗೇ, ಬಾಗಿಲು ಹಾಕಿಕೊಂಡು ಕೂರುತ್ತಿದ್ದ. "ನಾಚಿಕೆ ಆಗುತ್ತೆ ಅಮ್ಮ" ಅನ್ನೋ ಒಂದು ಮಾತು ಬಾಯಿಗೆ ಬರೋಕೆ ಎಷ್ಟೋ ದಿನ ಬೇಕಾಯಿತು.

ಮಲ್ನಾಡ್ ಮಳೆ

ಅಕ್ಕ, ನೀವು ಹೇಳಿದ್ದು ಬುಫನ್‌ಗೂ ಆಗಿತ್ತು. 2003ರ ಕೊನೆಯಿಂದ ಕೆಲವು ತಿಂಗಳು ಖಿನ್ನತೆಯಲ್ಲಿದ್ದರು. ವಯಸ್ಸು 25-26. ದುಡ್ಡು, ಹೆಸರು, ಇಟಲಿಯ ನಂಬರ್ ಒನ್ ಜಾಗ, ಎಲ್ಲಾ ಇತ್ತು. ಆದರೂ ಮೈದಾನಕ್ಕೆ ಇಳಿಯೋಕೆ ಕಾಲು ನಡುಗುತ್ತಿತ್ತು. ಮನಶ್ಶಾಸ್ತ್ರಜ್ಞರ ಹತ್ತಿರ ಹೋಗಿ ಮಾತಾಡಿದರು. ಆಮೇಲೆ ಅದನ್ನು ಅವರೇ ಎಲ್ಲರ ಮುಂದೆ ಹೇಳಿಕೊಂಡರು. ಆ ಕಾಲದಲ್ಲಿ ಅಷ್ಟು ದೊಡ್ಡ ಆಟಗಾರ ಇದನ್ನು ಬಾಯಿಬಿಟ್ಟು ಹೇಳೋದು ಸಣ್ಣ ಮಾತಲ್ಲ. ನನಗೆ ಆ ವಿಶ್ವಕಪ್ಪಿಗಿಂತ ಇದೇ ದೊಡ್ಡದು.

ಸಕಲೇಶಪುರ ಅಕ್ಕ

ಇದನ್ನು ಹುಡುಗನಿಗೆ ಹೇಳಿ. ಇದನ್ನೇ ಹೇಳಿ.

ಕಡೂರು ಪ್ಯಾಸೆಂಜರ್

ಇಲ್ಲಿ ಎಲ್ಲರೂ ಇಟಲಿಗೇ ಹೋಗಿಬಿಟ್ಟಿರಿ. ನಮ್ಮ ದೇಶದಲ್ಲಿ ಕೀಪರ್‌ಗಳೇ ಇರಲಿಲ್ವಾ? ಪೀಟರ್ ತಂಗರಾಜ್ ಹೆಸರು ಒಬ್ಬರಾದರೂ ತೆಗೆದಿರಾ? ಸೇನೆಯಲ್ಲಿದ್ದವರು. ಮೊದಲು ಸೆಂಟರ್ ಫಾರ್ವರ್ಡ್ ಆಡುತ್ತಿದ್ದವರು ಆಮೇಲೆ ಗೋಲ್‌ಕೀಪರ್ ಆದರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಮ್ಮ ತಂಡ ನಾಲ್ಕನೇ ಸ್ಥಾನಕ್ಕೆ ಬಂತಲ್ಲ, ಆ ತಂಡದಲ್ಲಿದ್ದರು. 1960ರ ರೋಮ್‌ಗೂ ಹೋಗಿದ್ದರು. 1962ರಲ್ಲಿ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ದಕ್ಷಿಣ ಕೊರಿಯಾವನ್ನು 2-1ಕ್ಕೆ ಸೋಲಿಸಿ ಚಿನ್ನ ಗೆದ್ದ ತಂಡದಲ್ಲೂ ಇದ್ದರು. 1967ರಲ್ಲಿ ಅರ್ಜುನ ಪ್ರಶಸ್ತಿ. ಆರಡಿ ಮೀರಿದ ಆಳು.

ಕಡೂರು ಪ್ಯಾಸೆಂಜರ್

ಮತ್ತೆ ನಮ್ಮ ರಾಜ್ಯದ್ದೇ ಬೇಕು ಅಂದರೆ, 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಗೋಲ್ ಕಾದವರು ಆಗಿನ ಮೈಸೂರು ರಾಜ್ಯದ ಕೆ.ವಿ. ವರದರಾಜ್. ಫ್ರಾನ್ಸ್ ವಿರುದ್ಧ 2-1ರಲ್ಲಿ ಸೋತ ಪಂದ್ಯ. ನಮ್ಮವರೇ ಎರಡು ಪೆನಾಲ್ಟಿ ಹಾಳು ಮಾಡಿದರು. ನಮ್ಮ ಒಂದು ಗೋಲು ಹೊಡೆದ ಸಾರಂಗಪಾಣಿ ರಾಮನ್ ಕೂಡ ಮೈಸೂರಿನ ಆಟಗಾರರೇ. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ಸ್ ಫುಟ್‌ಬಾಲ್ ಪಂದ್ಯ, ಬಹಳಷ್ಟು ಜನ ಬರಿಗಾಲಲ್ಲಿ ಆಡಿದರು. ಈ ಹೆಸರುಗಳು ನಮ್ಮ ಮಕ್ಕಳ ಪಾಠದಲ್ಲಿ ಇರಬೇಕಿತ್ತು.

ಹಾಸನದ ಹುಡುಗ

ವರದರಾಜ್ ಬಗ್ಗೆ ಗೊತ್ತೇ ಇರಲಿಲ್ಲ! ನಮಗೆ ಸಂತೋಷ್ ಟ್ರೋಫಿ (ರಾಜ್ಯ ತಂಡಗಳ ಫುಟ್‌ಬಾಲ್ ಟೂರ್ನಿ) ಅಂದರೆ 2023 ಮಾತ್ರ ನೆನಪು. ರಿಯಾದ್‌ನಲ್ಲಿ ಮೇಘಾಲಯ ವಿರುದ್ಧ 3-2, 54 ವರ್ಷ ಆದಮೇಲೆ ಕರ್ನಾಟಕಕ್ಕೆ ಕಪ್ಪು.

ಲೆಫ್ಟ್ ಬ್ಯಾಕ್

ಅದಕ್ಕೆ ಮೊದಲು ಗೆದ್ದದ್ದು 1968-69ರಲ್ಲಿ, ಆಗ ಇನ್ನೂ ಮೈಸೂರು ರಾಜ್ಯ ಅಂತ ಹೆಸರು.

ಬೇಲೂರು ಶಿಲೆ

ಆದರೂ ಹಾಸನ, ಚಿಕ್ಕಮಗಳೂರಲ್ಲಿ ಪೇಪರ್ ತೆಗೆದರೆ ಬರೀ ಕ್ರಿಕೆಟ್. ಶ್ರೀನಾಥ್ ಹೆಸರಲ್ಲಿ ನಮ್ಮ ಜಾವಗಲ್ ಇದೆ ಅಂತ ನಮಗೂ ಹೆಮ್ಮೆ, ಇಲ್ಲ ಅನ್ನಲ್ಲ. ಫುಟ್‌ಬಾಲ್‌ನಲ್ಲಿ ಯಾರು?

ಕಡೂರು ಪ್ಯಾಸೆಂಜರ್

ಕ್ರಿಕೆಟ್ ಅಂದಮೇಲೆ ನಮ್ಮ ಕಡೂರಿನ ವೇದಾ ಕೃಷ್ಣಮೂರ್ತಿ ಹೆಸರು ಬಿಡಬೇಡಿ. 2017ರ ವಿಶ್ವಕಪ್ ಫೈನಲ್ ಆಡಿದ ಹುಡುಗಿ. ಕಡೂರಿನಿಂದ ಲಾರ್ಡ್ಸ್‌ವರೆಗೆ!

ಬಿಸ್ಲೆ ಘಾಟ್

ವಿಷಯ ಎಲ್ಲಿಂದ ಎಲ್ಲಿಗೋ ಹೋಯಿತು. ಕೀಪರ್‌ಗೆ ವಾಪಸ್ ಬನ್ನಿ. ಭಾರತ ತಂಡದ ಕೀಪರ್ ಗುರ್‌ಪ್ರೀತ್ ಬಗ್ಗೆ ಹೇಳಿ ಯಾರಾದರೂ. 2023ರ ಸ್ಯಾಫ್ (ದಕ್ಷಿಣ ಏಷ್ಯಾ ಟೂರ್ನಿ) ಫೈನಲ್‌ಗೆ ನಾವು ಒಂದಷ್ಟು ಜನ ಹಾಸನದಿಂದ ರೈಲು ಹತ್ತಿ ಕಂಠೀರವಕ್ಕೆ ಹೋಗಿದ್ದೆವು. ಜುಲೈ 4, ಕುವೈತ್ ವಿರುದ್ಧ. 1-1, ಎಕ್ಸ್‌ಟ್ರಾ ಟೈಮ್ ಕೂಡ ಮುಗಿದು ಶೂಟೌಟ್. ಐದೈದು ಹೊಡೆದಮೇಲೂ ಸಮ. ನಮ್ಮ ಮಹೇಶ್ ಸಿಂಗ್ ಹಾಕಿದ. ಆ ಕಡೆಯಿಂದ ಕುವೈತ್ ಕ್ಯಾಪ್ಟನ್ ಬಂದ. ಗುರ್‌ಪ್ರೀತ್ ಎಡಕ್ಕೆ ಹಾರಿ ತಳ್ಳಿದ ನೋಡಿ, ಪಕ್ಕದಲ್ಲಿದ್ದ ಯಾರೋ ಗೊತ್ತಿಲ್ಲದ ಹಿರಿಯರು ನನ್ನನ್ನು ಅಪ್ಪಿಕೊಂಡು ಅತ್ತರು. ಸೆಮಿಫೈನಲ್‌ನಲ್ಲಿ ಲೆಬನಾನ್ ವಿರುದ್ಧವೂ ಶೂಟೌಟ್, ಅಲ್ಲೂ ಮೊದಲನೇದನ್ನೇ ತಡೆದಿದ್ದ.

ಕಪ್ಪುಬಿಳುಪು ಪಟ್ಟೆ

2019ರ ದೋಹಾ? ಏಷ್ಯಾ ಚಾಂಪಿಯನ್ ಕತಾರ್ ವಿರುದ್ಧ ಅವರ ಊರಲ್ಲೇ 0-0. ಆವತ್ತು ಕ್ಯಾಪ್ಟನ್ ಛೆಟ್ರಿಯೂ ಇರಲಿಲ್ಲ. ಗುರ್‌ಪ್ರೀತ್ ಕ್ಯಾಪ್ಟನ್. ಒಂದರ ಹಿಂದೆ ಒಂದು ಶಾಟ್, ಒಂದೂ ಒಳಗೆ ಹೋಗಲಿಲ್ಲ. ಹುಡುಗನಿಗೆ ಆ ಪಂದ್ಯದ ವಿಡಿಯೋ ತೋರಿಸಿ. ನಮ್ಮವನು ಅನ್ನೋ ಖುಷಿ ಬೇರೆ.

ಮಲ್ನಾಡ್ ಮಳೆ

ಆತ ನಾರ್ವೆಗೆ ಹೋಗಿ ಸ್ಟಾಬೆಕ್ ಕ್ಲಬ್ಬಿನಲ್ಲಿ ಬೆಂಚಿನ ಮೇಲೆ ಕೂತು ಕಾದದ್ದೂ ಹೇಳಿ. 2014ರಲ್ಲಿ ಹೋದ, 2017ರಲ್ಲಿ ಬೆಂಗಳೂರು ಎಫ್‌ಸಿಗೆ ಬಂದ. ಅಲ್ಲಿ ಲೀಗ್ ಪಂದ್ಯ ಸಿಗೋಕೆ ಎಷ್ಟು ಕಾಯಬೇಕಾಯಿತು! ಕೀಪರ್ ಕೆಲಸವೇ ಅದು. ಟೀಮಿಗೆ ಒಬ್ಬನೇ. ಎರಡನೇ ಕೀಪರ್ ಆದರೆ ವರ್ಷಗಟ್ಟಲೆ ಕಾಯೋದು.

ಹನ್ನೆರಡು ಗಜ

ಬುಫನ್‌ಗೂ ಜಾಗ ಸಿಕ್ಕಿದ್ದು ಬೇರೆಯವರಿಗೆ ಗಾಯ ಆದಾಗ. 1997ರ ಅಕ್ಟೋಬರ್, ಮಾಸ್ಕೋದಲ್ಲಿ ರಷ್ಯಾ ವಿರುದ್ಧ ಪ್ಲೇ-ಆಫ್, ಮೈದಾನ ತುಂಬಾ ಹಿಮ. ಪಲಿಯೂಕಾ ಪೆಟ್ಟಾಗಿ ಹೊರಗೆ ಹೋದ, 19 ವರ್ಷದ ಬುಫನ್ ಒಳಗೆ ಬಂದ. ಅದೇ ದೇಶದ ಪರ ಮೊದಲ ಪಂದ್ಯ. ಆಮೇಲೆ 2000ದ ಯೂರೋಗೆ ಇನ್ನೇನು ಹೊರಡಬೇಕು, ನಾರ್ವೆ ವಿರುದ್ಧ ಕೈ ಮುರಿಯಿತು. ಟೋಲ್ಡೊ ಆಡಿದ. ಸೆಮಿಫೈನಲ್‌ನಲ್ಲಿ ನೆದರ್‌ಲೆಂಡ್ಸ್ ವಿರುದ್ಧ ಟೋಲ್ಡೊ ಪೆನಾಲ್ಟಿ ತಡೆದದ್ದು ಇವತ್ತಿಗೂ ಮಾತಾಡುತ್ತಾರೆ.

ಹಾಸನ ಫಿಸಿಯೋ

ನನ್ನ ಕೆಲಸದ ಮಾತು ಸ್ವಲ್ಪ ಹೇಳಲಾ? ಇಡೀ ಪಂದ್ಯದಲ್ಲಿ ಮಿಡ್‌ಫೀಲ್ಡರ್ 10-11 ಕಿ.ಮೀ. ಓಡಿದರೆ ಕೀಪರ್ ಸುಮಾರು ಅದರ ಅರ್ಧ, ಅದರಲ್ಲೂ ನಡಿಗೆಯೇ ಜಾಸ್ತಿ. ಪದೇಪದೇ ಜೋರಾಗಿ ಓಡಿ ತೊಡೆಯ ಹಿಂಭಾಗದ ಸ್ನಾಯು ಹರಿಯೋದು ಕಮ್ಮಿ. ಅದಕ್ಕೇ ಬೇರೆಯವರಿಗಿಂತ ಜಾಸ್ತಿ ವರ್ಷ ಆಡುತ್ತಾರೆ. ಇನ್ನೊಂದು, ವಯಸ್ಸಾದಂತೆ ಕಾಲು ನಿಧಾನ ಆದರೂ ಎಲ್ಲಿ ನಿಲ್ಲಬೇಕು ಅನ್ನೋ ಅಂದಾಜು ಪಕ್ಕಾ ಆಗುತ್ತೆ. ಸರಿಯಾದ ಜಾಗದಲ್ಲಿ ನಿಂತವನಿಗೆ ಹಾರೋ ಕೆಲಸವೇ ಕಮ್ಮಿ.

ಹಾಗಂತ ಸುಲಭ ಅಲ್ಲ. ಬೆರಳು, ಮಣಿಕಟ್ಟು, ಭುಜ, ಸೊಂಟ, ಇವು ನಾಲ್ಕೂ ಪೆಟ್ಟು ತಿನ್ನುತ್ತವೆ. ಹುಡುಗನ ಬೆರಳಿಗೆ ಚೆಂಡು ಬಡಿದು ಊದಿಕೊಂಡರೆ ದಯವಿಟ್ಟು ಯಾರೂ ಎಳೆದು ನೆಟ್ಟಗೆ ಮಾಡೋಕೆ ಹೋಗಬೇಡಿ. ಐಸನ್ನು ಬಟ್ಟೆಯಲ್ಲಿ ಸುತ್ತಿ ಇಡಿ, ಪಕ್ಕದ ಬೆರಳಿಗೆ ಸೇರಿಸಿ ಟೇಪ್ ಹಾಕಿ. ಸೊಟ್ಟಗೆ ಕಂಡರೆ, ಮಡಚೋಕೆ ಆಗದಿದ್ದರೆ ಎಕ್ಸ್‌ರೇ ತೆಗೆಸಿ.

ಹಳೇ ಕೀಪರ್ (ಮೂಡಿಗೆರೆ ಕಡೆ)

ಡಾಕ್ಟ್ರು ಹೇಳಿದ್ದು ನೂರಕ್ಕೆ ನೂರು ಸರಿ. ನನ್ನ ಬಲಗೈ ಕಿರುಬೆರಳು ಇವತ್ತಿಗೂ ಪೂರ್ತಿ ಮಡಚಲ್ಲ. ಆಗ ಮೈದಾನದಲ್ಲೇ ಎಳೆದು ಬಿಟ್ಟಿದ್ದರು.

ನಿಲ್ಲೋ ಜಾಗದ ಬಗ್ಗೆ ಇನ್ನೊಂದು ಮಾತು. ಗೋಲಿನ ಅಗಲ 7.32 ಮೀಟರ್, ಎತ್ತರ 2.44 ಮೀಟರ್. ಗೆರೆ ಮೇಲೇ ನಿಂತರೆ ಯಾರಿಗೂ ಅಷ್ಟು ಜಾಗ ಮುಚ್ಚೋಕೆ ಆಗಲ್ಲ. ಚೆಂಡಿಗೂ ಗೋಲಿನ ನಡುಮಧ್ಯಕ್ಕೂ ಒಂದು ಹಗ್ಗ ಕಟ್ಟಿಸಿ, ಆ ಹಗ್ಗದ ಮೇಲೆ ಮುಂದೆ ಹಿಂದೆ ನಡೆಸಿ. ಎರಡು ಹೆಜ್ಜೆ ಮುಂದೆ ಬಂದರೆ ಹೊಡೆಯೋವನಿಗೆ ಗೋಲ್ ಎಷ್ಟು ಚಿಕ್ಕದಾಗಿ ಕಾಣುತ್ತೆ ಅಂತ ಹುಡುಗನನ್ನೇ ಚೆಂಡಿನ ಜಾಗದಲ್ಲಿ ನಿಲ್ಲಿಸಿ ತೋರಿಸಿ. ಒಂದು ಸಲ ಕಣ್ಣಿಗೆ ಬಿದ್ದರೆ ಮರೆಯಲ್ಲ.

ಬೇಲೂರು ಶಿಲೆ

45 ವಯಸ್ಸು ಅಂತ ಬುಫನ್ ಒಬ್ಬನನ್ನೇ ಹೊಗಳಬೇಡಿ. ಈಜಿಪ್ಟಿನ ಎಸ್ಸಾಂ ಎಲ್ ಹದಾರಿ 2018ರಲ್ಲಿ 45 ದಾಟಿದ ಮೇಲೆ ವಿಶ್ವಕಪ್ ಆಡಿದ. ಸೌದಿ ಅರೇಬಿಯಾ ವಿರುದ್ಧ ಪೆನಾಲ್ಟಿಯನ್ನೂ ತಡೆದ! ವಿಶ್ವಕಪ್ ಆಡಿದವರಲ್ಲೇ ಅತಿ ಹಿರಿಯ. ಬುಫನ್ ಕೊನೆಗೆ ಆಡಿದ್ದು ಇಟಲಿಯ ಎರಡನೇ ದರ್ಜೆ ಲೀಗಿನಲ್ಲಿ.

ಕಪ್ಪುಬಿಳುಪು ಪಟ್ಟೆ

ಎರಡನೇ ದರ್ಜೆ ಅನ್ನೋದನ್ನು ಕೀಳು ಮಾಡಿ ಹೇಳಬೇಡಿ ಸ್ವಾಮಿ. ಬುಫನ್ ಅಲ್ಲಿ ಎರಡು ಸಲ ಆಡಿದ, ಎರಡು ಸಲವೂ ತಾನೇ ಬಯಸಿ.

2006ರಲ್ಲಿ ವಿಶ್ವಕಪ್ ಗೆದ್ದು ಬಂದ. ಅದೇ ಬೇಸಿಗೆಯಲ್ಲಿ ಮ್ಯಾಚ್ ಹಗರಣದಲ್ಲಿ ಯುವೆಂಟಸ್‌ನಿಂದ ಎರಡು ಪ್ರಶಸ್ತಿ ಕಿತ್ತುಕೊಂಡು ಸೀರಿ ಬಿ-ಗೆ ತಳ್ಳಿದರು. ಪಾಯಿಂಟ್ ಕಡಿತ ಬೇರೆ. ಇಬ್ರಾಹಿಮೊವಿಚ್, ಕನ್ನವಾರೊ, ತುರಾಮ್ ಎಲ್ಲಾ ಬಿಟ್ಟು ಹೋದರು. ಬುಫನ್ ಆಗ ಜಗತ್ತಿನ ನಂಬರ್ ಒನ್ ಕೀಪರ್, ಬ್ಯಾಲನ್ ಡಿ'ಓರ್‌ನಲ್ಲಿ ಎರಡನೇ ಸ್ಥಾನ. ಯಾವ ಕ್ಲಬ್ ಬೇಕಾದರೂ ಬಾಚಿಕೊಳ್ಳುತ್ತಿತ್ತು. ಹೋಗಲಿಲ್ಲ. ಡೆಲ್ ಪಿಯೆರೊ, ನೆಡ್‌ವೆಡ್ ಜೊತೆ ಉಳಿದು ಸಣ್ಣಪುಟ್ಟ ಊರಿನ ಮೈದಾನಗಳಲ್ಲಿ ಒಂದು ವರ್ಷ ಆಡಿ, ಮೊದಲ ಸ್ಥಾನದಲ್ಲಿ ಮುಗಿಸಿ ಟೀಮನ್ನು ಮೇಲೆ ತಂದ. ಆಮೇಲೆ 2012ರಿಂದ 2018ರವರೆಗೆ ಸತತ ಏಳು ಲೀಗ್ ಪ್ರಶಸ್ತಿ.

2021ರಲ್ಲಿ ತಾನು ಶುರು ಮಾಡಿದ ಪಾರ್ಮಾಗೇ ವಾಪಸ್ ಹೋದ. ಪಾರ್ಮಾ ಆಗ ಸೀರಿ ಬಿ. 2023ರ ಆಗಸ್ಟ್‌ನಲ್ಲಿ ಅಲ್ಲೇ ಗ್ಲೌಸ್ ತೆಗೆದಿಟ್ಟ. ಒಟ್ಟು ಸೀರಿ ಎ ಪಂದ್ಯ 657, ಇನ್ನೂ ಯಾರೂ ದಾಟಿಲ್ಲ. ಇಟಲಿ ಪರ 176.

ಲೆಫ್ಟ್ ಬ್ಯಾಕ್

ಮಧ್ಯದಲ್ಲಿ ಪ್ಯಾರಿಸ್‌ಗೆ ಹೋಗಿ ಒಂದು ವರ್ಷ ಆಡಿ ಬಂದದ್ದನ್ನು ಬಿಟ್ಟಿರಿ. 2018-19.

ಹಾಸನದ ಹುಡುಗ

ನನಗೆ ಬುಫನ್ ಅಂದರೆ 2017ರ ನವೆಂಬರ್ ನೆನಪಾಗುತ್ತೆ. ಮಿಲಾನ್‌ನಲ್ಲಿ ಸ್ವೀಡನ್ ವಿರುದ್ಧ 0-0. ಮೊದಲ ಪಂದ್ಯ 1-0 ಸೋತಿದ್ದರಿಂದ ಇಟಲಿ ವಿಶ್ವಕಪ್ಪಿನಿಂದಲೇ ಹೊರಗೆ, 1958ರ ನಂತರ ಮೊದಲ ಸಲ. ಪಂದ್ಯಕ್ಕೆ ಮೊದಲು ಇಟಲಿಯ ಜನ ಸ್ವೀಡನ್ ರಾಷ್ಟ್ರಗೀತೆಗೆ ಶಿಳ್ಳೆ ಹೊಡೆದು ಕೂಗುತ್ತಿದ್ದರು. ಈತ ನಿಂತ ಜಾಗದಲ್ಲೇ ಚಪ್ಪಾಳೆ ತಟ್ಟಿ ಎದುರಾಳಿಗೆ ಮರ್ಯಾದೆ ತೋರಿಸಿದ. ಕೊನೆ ನಿಮಿಷಗಳಲ್ಲಿ ಕಾರ್ನರ್‌ಗೆ ಗೋಲ್ ಬಿಟ್ಟು ಮುಂದೆ ಓಡಿದ. 39 ವರ್ಷದ ಮನುಷ್ಯ! ಮುಗಿದ ಮೇಲೆ ಟಿ.ವಿ. ಮುಂದೆ ಅಳುತ್ತಲೇ ಮಾತಾಡಿದ.

ಬೇಲೂರು ಶಿಲೆ

ಮರ್ಯಾದೆ ಅಂದಿರಿ. 2018ರಲ್ಲಿ ಮ್ಯಾಡ್ರಿಡ್‌ನಲ್ಲಿ ಕೊನೆ ಗಳಿಗೆಯಲ್ಲಿ ಪೆನಾಲ್ಟಿ ಕೊಟ್ಟ ರೆಫರಿ ಮೇಲೆ ಹಾರಿಬಿದ್ದು ರೆಡ್ ಕಾರ್ಡ್ ತಗೊಂಡದ್ದು ಅದೇ ಬುಫನ್ ಅಲ್ವಾ? ಆಮೇಲೆ ಆಡಿದ ಮಾತೂ ಸರಿ ಇರಲಿಲ್ಲ.

ಹನ್ನೆರಡು ಗಜ

ಹೌದು, ಅದು ತಪ್ಪೇ. ಅಭಿಮಾನಿಗಳೂ ಒಪ್ಪಬೇಕು. ಮೊದಲ ಪಂದ್ಯ 0-3 ಸೋತು, ಎರಡನೇದರಲ್ಲಿ ಅವರ ಊರಲ್ಲೇ 3-0 ಮುಂದಿದ್ದು, 90 ನಿಮಿಷ ದಾಟಿದ ಮೇಲೆ ಪೆನಾಲ್ಟಿ ಬಂದರೆ ಯಾರಿಗಾದರೂ ರೇಗುತ್ತೆ. ಆದರೂ ಕ್ಯಾಪ್ಟನ್ ಹಾಗೆ ಮಾಡಬಾರದಿತ್ತು. ಹುಡುಗನಿಗೆ ಇದನ್ನೂ ಮುಚ್ಚಿಡಬೇಡಿ. ದೇವರು ಮಾಡಿ ಕೂರಿಸಿದರೆ ಮಕ್ಕಳಿಗೆ ದೂರ ಆಗಿಬಿಡುತ್ತಾನೆ.

ಸಕಲೇಶಪುರ ಅಕ್ಕ

ಒಳ್ಳೆ ಮಾತು.

ರತ್ನಗಿರಿ ಬೋರೆ (ಚಿಕ್ಕಮಗಳೂರು)

ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತಿದ್ದೇನೆ. ಸಂಜೆ ಹುಡುಗನ ಜೊತೆ ಕೂತು ಹೆಬ್ಬೆರಳಿನ ವಿಷಯ ತೆಗೆದೆ. "ಹೌದು ಮಾಮ, ಸಂದಿ ಜಾಸ್ತಿ ಇತ್ತು" ಅಂತ ತಾನೇ ಕೈ ಹಿಡಿದು ತೋರಿಸಿದ. ಆಮೇಲೆ 2003, 2006 ಶೂಟೌಟ್ ಹೇಳಿದೆ. ವಿಡಿಯೋ ಹಾಕು ಅಂದ. ಊಟದ ಹೊತ್ತಿನವರೆಗೂ ನೋಡಿದೆವು. ಹಳೇ ಕೀಪರ್ ಸರ್, ಗ್ಲೌಸ್ ಯಾವುದು ತಗೊಳ್ಳಲಿ? ಅಕ್ಕನಿಗೆ ಗೊತ್ತಾಗದ ಹಾಗೆ ನಾನೇ ಕೊಡಿಸುತ್ತೇನೆ.

ಹಳೇ ಕೀಪರ್ (ಮೂಡಿಗೆರೆ ಕಡೆ)

ಅಕ್ಕನಿಗೆ ಹೇಳಿಯೇ ಕೊಡಿಸಿ. ಕದ್ದು ಆಡೋ ಆಟ ಆಗಬಾರದು.

ದುಬಾರಿದು ಬೇಡ. ಅಂಗೈ ಕಡೆ ಮೆತ್ತಗಿನ ಲೇಟೆಕ್ಸ್ ಇರಬೇಕು. ಬರೀ ರಬ್ಬರ್ ಚುಕ್ಕಿ ಇರೋದು ಬೇಡ, ಒದ್ದೆಯಲ್ಲಿ ಹಿಡಿತ ಸಿಗಲ್ಲ. ಬೆರಳ ತುದಿಯಲ್ಲಿ ಸ್ವಲ್ಪ ಜಾಗ ಇರಲಿ, ಮಣಿಕಟ್ಟಿನ ಪಟ್ಟಿ ಬಿಗಿಯಾಗಿ ಕೂರಲಿ. ಆಟಕ್ಕೆ ಇಳಿಯುವ ಮೊದಲು ಅಂಗೈಯನ್ನು ಸ್ವಲ್ಪ ನೀರಲ್ಲಿ ಒದ್ದೆ ಮಾಡಿ ಹಿಂಡಬೇಕು. ಒಣ ಲೇಟೆಕ್ಸ್‌ಗಿಂತ ತೇವ ಇದ್ದದ್ದು ಚೆನ್ನಾಗಿ ಹಿಡಿಯುತ್ತೆ. ಆಟ ಮುಗಿದ ಮೇಲೆ ಉಗುರುಬೆಚ್ಚಗಿನ ನೀರಲ್ಲಿ ಕೈಯಲ್ಲೇ ತೊಳೆದು ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಹಾಕಿದರೆ, ಇಲ್ಲ ಒಲೆ ಹತ್ತಿರ ಇಟ್ಟರೆ ಲೇಟೆಕ್ಸ್ ಸಿಪ್ಪೆ ಏಳುತ್ತೆ. ಮಳೆಗಾಲದಲ್ಲಿ ಒಣಗೋದೇ ಕಷ್ಟ, ಒಳಗೆ ಪೇಪರ್ ತುಂಬಿಡಿ. ಬ್ಯಾಗಿನಲ್ಲಿ ಒದ್ದೆ ಇಟ್ಟು ಮರೆತರೆ ಬೂಸ್ಟು ಹಿಡಿದು ವಾಸನೆ ಬರುತ್ತೆ.

ಬಿಸ್ಲೆ ಘಾಟ್

ಈಗ ಕೀಪರ್‌ಗೆ ಕಾಲೂ ಬರಬೇಕಲ್ಲ ಸರ್? ಬ್ಯಾಕ್ ಪಾಸ್ (ನಮ್ಮವರೇ ಕಾಲಲ್ಲಿ ಕೀಪರ್‌ಗೆ ಹಿಂದಕ್ಕೆ ಕೊಟ್ಟ ಚೆಂಡು) ಕೈಯಲ್ಲಿ ಮುಟ್ಟೋ ಹಾಗಿಲ್ಲ.

ಹಳೇ ಕೀಪರ್ (ಮೂಡಿಗೆರೆ ಕಡೆ)

ಖಂಡಿತ. 1992ರಿಂದ ಆ ನಿಯಮ. ಈಗ 2025ರಿಂದ ಚೆಂಡನ್ನು ಕೈಯಲ್ಲಿ ಎಂಟು ಸೆಕೆಂಡಿಗಿಂತ ಜಾಸ್ತಿ ಇಟ್ಟುಕೊಂಡರೆ ಎದುರಾಳಿಗೆ ಕಾರ್ನರ್. ಹಾಗಾಗಿ ಓಡಕ್ಕೆ ಬರದವರನ್ನು ಗೋಲಿಗೆ ನಿಲ್ಲಿಸೋ ಕಾಲ ಎಂದೋ ಹೋಯಿತು. ನಾನು ಹೇಳಿಕೊಡೋ ಹುಡುಗರಿಗೆ ಮೊದಲ ಅರ್ಧ ಗಂಟೆ ಎರಡೂ ಕಾಲಲ್ಲಿ ಪಾಸು.

ಲೆಫ್ಟ್ ಬ್ಯಾಕ್

ಹೊರಡೋ ಮೊದಲು ಒಂದು ಕೇಳಬೇಕು. ಬುಫನ್ ಗೋಲು ಬಿಡದೆ ಸತತವಾಗಿ ಆಡಿದ್ದು 1142 ನಿಮಿಷ ಅಂತ ಎಲ್ಲೋ ಕೇಳಿದ್ದೆ, ಸರಿಯಾ?

ಹನ್ನೆರಡು ಗಜ

ಅದು ಡಿನೊ ಝಾಫ್ ಗುರು. 1972ರಿಂದ 1974ರವರೆಗೆ ಇಟಲಿ ಪರ 1142 ನಿಮಿಷ. 1974ರ ವಿಶ್ವಕಪ್ಪಿನಲ್ಲಿ ಹೈಟಿಯ ಸನೋನ್ ಗೋಲು ಹೊಡೆದು ಆ ಸರಣಿ ನಿಲ್ಲಿಸಿದ. ಅದೇ ಝಾಫ್ 1982ರಲ್ಲಿ 40ನೇ ವಯಸ್ಸಲ್ಲಿ ಕ್ಯಾಪ್ಟನ್ ಆಗಿ ವಿಶ್ವಕಪ್ ಎತ್ತಿದರು.

ಬುಫನ್‌ದು ಸೀರಿ ಎ ದಾಖಲೆ, 974 ನಿಮಿಷ, 2016ರಲ್ಲಿ. ಆ ಸರಣಿ ನಿಲ್ಲಿಸಿದ್ದು ಟೊರಿನೊದ ಬೆಲೊಟ್ಟಿ, ಪೆನಾಲ್ಟಿಯಲ್ಲಿ.

ಲೆಫ್ಟ್ ಬ್ಯಾಕ್

ಆ ಪಂದ್ಯ ಯುವೆಂಟಸ್ ಸೋತಿತಾ?

ಹನ್ನೆರಡು ಗಜ

ಇಲ್ಲ. 4-1ಕ್ಕೆ ಗೆದ್ದಿತು. ಝಾಫ್ ಸರಣಿ ನಿಂತ ಪಂದ್ಯವನ್ನೂ ಇಟಲಿ 3-1ಕ್ಕೆ ಗೆದ್ದಿತ್ತು.